ಕಟ್ಟುವ ಹೊತ್ತು

ನಾನು ಕತ್ತಲಲ್ಲಿ ಚಾಪೆಯ ಮೇಲೆ ಕೈಯಾಡಿಸುತ್ತ ದಾರ ಹುಡುಕುತ್ತಿದ್ದೆ. ವೇಣಿ ನನಗೆ ಬೆನ್ನು ಕೊಟ್ಟು ಕೂತು, ಬಿಚ್ಚಿದ ಕೂದಲನ್ನು ಎರಡೂ ಕೈಯಿಂದ ಎತ್ತಿ ಹಿಡಿದು ಕಾಯುತ್ತಿದ್ದಳು.

“ಸಿಕ್ತಾ?”

“ಇಲ್ಲ.”

“ರಾತ್ರಿಯೆಲ್ಲ ಹೊರಳಾಡಿದ್ದು ನೀವು. ನಿಮ್ಮ ಮಗ್ಗುಲಲ್ಲೇ ಎಲ್ಲೋ ಇರುತ್ತೆ. ಬೇಗ ಹುಡುಕಿ, ತೋಳು ನೋಯ್ತಿದೆ.”

ದಾರ ನನ್ನ ಮೊಣಕಾಲ ಕೆಳಗೇ ಇತ್ತು. ಅದನ್ನು ಅವಳ ಕೊರಳ ಸುತ್ತ ತಂದು ಹಿಂದೆ ಗಂಟು ಹಾಕಿದೆ. ಅವಳು ಕೂದಲು ಬಿಟ್ಟಳು. ಅದು ಬೆಚ್ಚಗೆ ನನ್ನ ಕೈಗಳ ಮೇಲೆ ಬಿತ್ತು. ಆಗ ಮಾತ್ರ ನಾನು ಉಸಿರು ಬಿಟ್ಟೆ. ಇನ್ನೊಂದು ದಿನಕ್ಕೆ ನಾವು ಗಂಡ ಹೆಂಡಿರು. ವೇಣಿ ಎದ್ದು ಹೋಗಿ, ಹೊಸ್ತಿಲ ಮೇಲೆ ಬಿದ್ದಿದ್ದ ಬಾಗಿಲಿನ ಹಲಗೆಗಳನ್ನು ಒಂದೊಂದಾಗಿ ಎತ್ತಿ ಚೌಕಟ್ಟಿಗೆ ಒರಗಿಸತೊಡಗಿದಳು. ಹೊರಗೆ ಬೀದಿಯುದ್ದಕ್ಕೂ ಅದೇ ಸದ್ದು, ಸುತ್ತಿಗೆಗಳು, ಹಗ್ಗ ಬಿಗಿಯುವ ಕಿರುಗುಟ್ಟು, ಮೊಳೆಗಳ ಟಣಟಣ. ಯಾರೂ ಮಾತಾಡುತ್ತಿರಲಿಲ್ಲ. ಕಟ್ಟುವ ಹೊತ್ತಿನಲ್ಲಿ ಆ ಊರಿನವರು ಮಾತಾಡುವುದು ಕಡಿಮೆ.

ನಾನು ಆ ಊರಿಗೆ ಬಂದ ಮೊದಲ ಬೆಳಿಗ್ಗೆ ಎಚ್ಚರವಾದಾಗ ನನ್ನ ಅಂಗಿ ಬಟ್ಟೆಯ ತುಂಡುಗಳಾಗಿ ಮೈಮೇಲೆ ಹರಡಿಕೊಂಡಿತ್ತು. ಎರಡು ತೋಳು, ಒಂದು ಕಾಲರು, ಬೆನ್ನಿನ ಭಾಗ ನನ್ನ ಅಡಿಯಲ್ಲಿ. ಗುಂಡಿಗಳು ಎದೆಯ ಮೇಲೆ ಸಾಲಾಗಿ ಕೂತಿದ್ದವು. ಕನ್ನಡಕದ ಗಾಜುಗಳು ಒಂದು ಕಡೆ, ಕಡ್ಡಿಗಳು ಇನ್ನೊಂದು ಕಡೆ. ಬೂಟಿನ ಅಟ್ಟೆ ಬೂಟನ್ನು ಬಿಟ್ಟು ಸ್ವಲ್ಪ ದೂರದಲ್ಲಿ ಮಲಗಿತ್ತು. ಕಿಟಕಿಯಿಂದ ನೋಡಿದರೆ, ಹಿಂದಿನ ಸಂಜೆ ನಾವು ಬಂದಿಳಿದಿದ್ದ ಜೀಪು ಬೀದಿಯಲ್ಲಿ ಇರಲಿಲ್ಲ. ಜೀಪಿನ ಭಾಗಗಳೆಲ್ಲ ಇದ್ದವು. ಬಾನೆಟ್ಟು, ಬಾಗಿಲು, ಸ್ಟೀರಿಂಗು, ಲೆಕ್ಕವಿಲ್ಲದಷ್ಟು ನಟ್ಟು ಬೋಲ್ಟು, ಎಲ್ಲವೂ ಯಾರೋ ಜೋಪಾನವಾಗಿ ಹರವಿಟ್ಟ ಹಾಗೆ. ಅವುಗಳ ನಡುವೆ ಒಬ್ಬ ಕುಕ್ಕರುಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದ.

“ಹೊಸಬ್ರಲ್ವಾ ಸಾರ್? ಗಾಡಿ ಊರೊಳ್ಗೆ ನಿಲ್ಲಿಸ್ಬಾರ್ದು. ಕತ್ಲಾಗೋದ್ರೊಳ್ಗೆ ಆಚೆ ಬಿಟ್ ಬರ್ಬೇಕು,” ಅಂದ.

ಅವನೇ ಚೆಲುವಯ್ಯ, ಊರಿನ ಕಟ್ಟುವ ಗುಂಪಿನ ಮೇಸ್ತ್ರಿ. ನಾನು ಪಂಚೆ ಉಡಲು ಕಲಿತು ಹೊರಗೆ ಬರುವಷ್ಟರಲ್ಲಿ ಅವನೂ ಅವನ ಜನರೂ ಜೀಪನ್ನು ಮತ್ತೆ ಜೀಪು ಮಾಡಿ ನಿಲ್ಲಿಸಿದ್ದರು. ಅವರಲ್ಲಿ ಯಾರೂ ಅದಕ್ಕೆ ಮುಂಚೆ ಜೀಪು ಬಿಚ್ಚಿದ್ದವರಲ್ಲ. ಬಿಚ್ಚುವ ಕೆಲಸವನ್ನು ಆ ಊರಿನಲ್ಲಿ ಯಾರೂ ಮಾಡಬೇಕಾಗಿರಲಿಲ್ಲ.

ಕೂಡಿಸಿದ್ದು ಅಲ್ಲಿ ನಸುಕಿಗೆ ಮುಂಚೆ ಬಿಟ್ಟುಕೊಳ್ಳುತ್ತಿತ್ತು. ಹೊಲಿದದ್ದು, ಹೊಡೆದದ್ದು, ಅಂಟಿಸಿದ್ದು, ಗಂಟು ಹಾಕಿದ್ದು, ಎಲ್ಲವೂ. ನೇಯ್ದದ್ದು ಮಾತ್ರ ಉಳಿಯುತ್ತಿತ್ತು. ಯಾಕೆ ಅಂತ ನಾನು ಒಬ್ಬ ಮುದುಕಿಯನ್ನು ಕೇಳಿದ್ದೆ. “ನೇಯ್ದಿದ್ದು ಹುಟ್ಟಿದ್ದೇ ಹಂಗಲ್ವೇನಪ್ಪ,” ಅಂದಳು, ನಾನೇನೋ ಸೂರ್ಯ ಯಾಕೆ ಬಿಸಿ ಅಂತ ಕೇಳಿದ ಹಾಗೆ. ಅದಕ್ಕೇ ಅಲ್ಲಿ ಎಲ್ಲರೂ ಉಡುತ್ತಿದ್ದರು, ಯಾರೂ ತೊಡುತ್ತಿರಲಿಲ್ಲ. ಮನೆಗಳ ಗೋಡೆ ಗಾರೆಯಿಲ್ಲದೆ ಪೇರಿಸಿದ ಕಲ್ಲು. ದೋಣಿ ಒಂದೇ ಮರದ್ದು. ಶಾಲೆಯ ಪುಸ್ತಕ ಬಿಡಿಹಾಳೆ; ಬೆಳಿಗ್ಗೆ ಮೇಷ್ಟರು ಹಾಳೆ ಜೋಡಿಸಿಕೊಂಡು, ಅಂದಿನ ಕಥೆ ಯಾವ ಅನುಕ್ರಮದಲ್ಲಿ ಸಿಕ್ಕಿತೋ ಹಾಗೇ ಓದಿಸುತ್ತಿದ್ದರು.

ನಾವು ಅಲ್ಲಿಗೆ ಹೋದದ್ದೇ ಆ ಊರು ಹಾಗಿತ್ತು ಅಂತ. ದೂರದ ಸಮುದ್ರತೀರದಲ್ಲಿ ಮೇಲೇರುತ್ತಿದ್ದ ಒಂದು ರಾಕೆಟ್ಟು, ಇಂಧನದ ಟ್ಯಾಂಕಿನ ಬೆಸುಗೆ ಬಿಟ್ಟು ಆಕಾಶದಲ್ಲೇ ಎರಡಾಗಿತ್ತು. ಅದರ ತನಿಖೆ ಮಾಡಿದವರಲ್ಲಿ ಮಿರ್ಜಿ ಮೇಡಂ ಒಬ್ಬರು. ಲೋಹದ ವಿಷಯದಲ್ಲಿ ಅವರ ಮಾತು ಕೊನೆಯ ಮಾತು. ಈ ಊರಿನಲ್ಲಿ ಒಂದು ರಾತ್ರಿ ತಡೆದ ಬೆಸುಗೆ ಎಲ್ಲಿಯೂ ಬಿಡಲಾರದು ಅಂತ ಅವರು ಹೇಳಿದರು. ಹಾಗೆ ಊರಾಚೆ ಕಲ್ಲು ಪೇರಿಸಿ ಒಂದು ದೊಡ್ಡ ಶೆಡ್ಡು ಎದ್ದಿತು. ಬೆಸುಗೆ ಹಾಕುವವನು ನಾನು. ಹಾಕಿದ್ದನ್ನು ಪರೀಕ್ಷೆ ಮಾಡುವವಳು ನೀಲವೇಣಿ, ಈಗ ನನ್ನ ವೇಣಿ. ಅವಳು ಆ ಊರಿನವಳೇ, ಹೊರಗೆ ಓದಿ ಬಂದವಳು. ಲೋಹದೊಳಗೆ ಸದ್ದು ಕಳಿಸಿ, ಹಿಂದಿರುಗಿದ ಸದ್ದಿನಲ್ಲಿ ಬಿರುಕು ಹುಡುಕುವ ಯಂತ್ರ ಅವಳದ್ದು. ಅವಳು ಹೇಳುತ್ತಿದ್ದದ್ದು ಎರಡೇ ಮಾತು, ‘ಕೂಡಿದೆ’ ಅಥವಾ ‘ಕೂಡಿಲ್ಲ’.

ನಾನು ಅವಳನ್ನು ಮದುವೆಗೆ ಕೇಳಿದಾಗ ಅವಳ ತಾಯಿ ಜಾತಕ ಕೇಳಲಿಲ್ಲ, ಸಂಬಳ ಕೇಳಲಿಲ್ಲ. “ಬೆಳಿಗ್ಗೆ ಬೇಗ ಏಳ್ತೀಯೇನಪ್ಪ?” ಅಂತ ಕೇಳಿದರು. ನಾನು ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ.

ನಮ್ಮ ಕಡೆ ಒಮ್ಮೆ ತಾಳಿ ಕಟ್ಟಿದರೆ ಮುಗಿಯಿತು. ಅಲ್ಲಿ ದಾರ ನಿದ್ದೆಯಲ್ಲಿ ತಾನಾಗಿ ಬಿಚ್ಚಿಕೊಂಡು ಚಾಪೆಯ ಮೇಲೆ ಬಿದ್ದಿರುತ್ತದೆ. ಗಂಡ ಅದನ್ನು ಹುಡುಕಿ ಎತ್ತಿಕೊಳ್ಳಬೇಕು. ಹೆಂಡತಿ ಬೆನ್ನು ತಿರುಗಿಸಿ ಕೂತು ಕೂದಲು ಎತ್ತಬೇಕು. ಅವನು ದಾರ ಎತ್ತದಿದ್ದರೆ, ಅಥವಾ ಅವಳು ಕೂದಲು ಎತ್ತದಿದ್ದರೆ, ಅವತ್ತಿಗೆ ಮದುವೆ ಅಲ್ಲಿಗೆ ಸರಿ. ಜಗಳವಿಲ್ಲ, ಪಂಚಾಯಿತಿಯಿಲ್ಲ, ಕಾರಣ ಕೇಳುವ ಪದ್ಧತಿಯೂ ಇಲ್ಲ. ಮದುವೆಯಾದ ಹೊಸತರಲ್ಲಿ ಇದು ನನಗೆ ಚೆಂದದ ಆಟದಂತಿತ್ತು. ಆಮೇಲೆ ನಿಧಾನವಾಗಿ ಹೆದರಿಕೆ ಶುರುವಾಯಿತು. ರಾತ್ರಿ ಅವಳ ಜೊತೆ ಸಣ್ಣ ಮಾತಿಗೆ ಮುನಿಸಾದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಕತ್ತಲಲ್ಲಿ ಅವಳು ಎದ್ದು ಕೂರುವ ಸದ್ದು ಕೇಳಿಸಿ, ಕೂದಲು ಎತ್ತುವ ಸದ್ದು ಇನ್ನೂ ಕೇಳಿಸದ ಆ ಒಂದು ಗಳಿಗೆ ಇದೆಯಲ್ಲ, ಅದನ್ನು ನಾನು ದಿನವೂ ದಾಟಬೇಕಿತ್ತು.

“ನಿಮ್ಮ ಕೈ ಯಾಕೆ ಯಾವಾಗ್ಲೂ ತಣ್ಣಗಿರುತ್ತೆ?” ಅಂತ ಒಮ್ಮೆ ಕೇಳಿದಳು.

“ಚಳಿ,” ಅಂದೆ.

ಶೆಡ್ಡಿನಲ್ಲಿ ನಾವು ಒಂದಾದ ಮೇಲೊಂದು ಸೋಲುತ್ತಿದ್ದೆವು. ಅಲ್ಯುಮಿನಿಯಂ ಹಲಗೆಗಳಿಗೆ ಬೆಂಕಿಯ ಬೆಸುಗೆ ಹಾಕಿದೆವು. ಸಂಜೆ ಅದು ಕಣ್ಣಿಗೆ ಒಂದಾಗಿ ಕಾಣುತ್ತಿತ್ತು. ಬೆಳಿಗ್ಗೆ ನೋಡಿದರೆ ಬೆಸುಗೆಯ ನಟ್ಟನಡುವೆ ಕೂದಲೆಳೆಯ ಗೆರೆ. ಬೆರಳಿಟ್ಟರೆ ಹಲಗೆಗಳು ಎರಡು. ರಿವೆಟ್ಟುಗಳು ಚೆಲ್ಲಿದ ಹುರಿಗಡಲೆಯ ಹಾಗೆ ನೆಲದ ಮೇಲೆ ಬಿದ್ದಿದ್ದವು. ಅಂಟು ಹಾಲಿನ ಕೆನೆಯ ಹಾಗೆ ಎದ್ದುಬಂತು. ಅಲ್ಯುಮಿನಿಯಂ ಮೊದಲೇ ಹಠದ ಲೋಹ. ಕರಗಿಸಿದರೆ ಒಳಗೆ ಗಾಳಿಗುಳ್ಳೆ, ಆರಿದರೆ ಬಿರುಕು.

ಒಂದು ಮಧ್ಯಾಹ್ನ ಮಿರ್ಜಿ ಮೇಡಂ ಬಿಟ್ಟುಕೊಂಡ ಹಲಗೆಯ ಅಂಚನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಕರಗಿಸಿದ್ದೇ ತಪ್ಪು. ಕರಗಿದ್ದು ಮತ್ತೆ ಗಟ್ಟಿ ಆಗ್ವಾಗ ತಾನು ಎರಡು ಕಡೆಯಿಂದ ಬಂದದ್ದು ಅಂತ ನೆನಪಿಟ್ಕೊಂಡಿರುತ್ತೆ. ಇದನ್ನ ಕರಗಿಸೋದೇ ಬೇಡ. ಕಲಸೋಣ,” ಅಂದರು.

ಕಲಸುವ ಬೆಸುಗೆ ಬೇರೆ ಕಡೆ ಆಗಲೇ ಇತ್ತು. ಅದನ್ನು ಇಷ್ಟು ದಪ್ಪದ, ಇಷ್ಟು ಮೊಂಡು ಹಲಗೆಗೆ ಪಳಗಿಸುವುದು ನಮ್ಮ ಪಾಲಿಗೆ ಬಂತು. ಅದರ ಉಪಕರಣ ನೋಡಲು ಏನೂ ಅಲ್ಲ. ಗಟ್ಟಿ ಉಕ್ಕಿನ ಒಂದು ದಿಂಡು, ತುದಿಯಲ್ಲಿ ಕಿರುಬೆರಳಿನಂಥ ಮೂತಿ, ಮೂತಿಯ ಮೇಲೆ ಅಗಲವಾದ ಭುಜ. ಎರಡು ಹಲಗೆಗಳ ಅಂಚು ತಾಗಿಸಿ, ಕ್ಲಾಂಪು ಹಾಕಿ ಬಿಗಿದು, ಈ ದಿಂಡನ್ನು ಗಿರಗಿರ ತಿರುಗಿಸುತ್ತ ಆ ಗೆರೆಯೊಳಗೆ ಇಳಿಸಬೇಕು. ಉಜ್ಜಾಟದ ಕಾವಿಗೆ ಲೋಹ ಮೆತ್ತಗಾಗುತ್ತದೆ, ನೀರಾಗುವುದಿಲ್ಲ. ಆಮೇಲೆ ದಿಂಡು ಗೆರೆಯುದ್ದಕ್ಕೂ ನಡೆಯುತ್ತದೆ, ಈ ಹಲಗೆಯದ್ದನ್ನು ಆ ಹಲಗೆಗೆ, ಆ ಹಲಗೆಯದ್ದನ್ನು ಈ ಹಲಗೆಗೆ ತಳ್ಳುತ್ತ, ಕಲಸುತ್ತ. ಭುಜ ಮೇಲಿನಿಂದ ಒತ್ತಿ ಹಿಡಿದಿರುತ್ತದೆ. ಚೆಲುವಯ್ಯನ ಗುಂಪಿನವರು ಅದಕ್ಕೆ ಕಡೆಗೋಲು ಅಂತ ಹೆಸರಿಟ್ಟರು. ನಮಗೂ ಅದೇ ಹೆಸರು ಬಾಯಿಗೆ ಬಂತು.

ಮೊದಲ ಸಲ ಕಡೆಗೋಲು ಲೋಹದೊಳಗೆ ಇಳಿದ ದಿನವನ್ನು ನಾನು ಸಾಯುವವರೆಗೂ ಮರೆಯಲಾರೆ. ಕಿಡಿಯಿಲ್ಲ. ಹೊಗೆಯಿಲ್ಲ. ಕಣ್ಣಿಗೆ ಕಪ್ಪು ಗಾಜು ಬೇಕಿಲ್ಲ. ಒಂದು ತಗ್ಗಿದ ಗುಂಯ್‌ಗಾನ, ಅಷ್ಟೇ. ಕಲ್ಲಿನಷ್ಟು ಗಟ್ಟಿಯಾದ ಹಲಗೆ ನನ್ನ ಕಣ್ಣೆದುರು ಮುದ್ದೆಯ ಹಿಟ್ಟಿನ ಹಾಗೆ ಮಿಸುಕಾಡಿತು. ದಿಂಡು ಮುಂದೆ ಹೋದಂತೆ ಹಿಂದೆ ಬೆಳ್ಳಿಯ ಹಾದಿ ಬಿಡುತ್ತಿತ್ತು, ಅದರ ಮೇಲೆ ಉಗುರಿನ ಗುರುತಿನಂಥ ಸಣ್ಣ ಸಣ್ಣ ಕಮಾನುಗಳು, ಒಂದರ ಹಿಂದೆ ಒಂದು, ದಡಕ್ಕೆ ಬಂದು ಹೋದ ಅಲೆಯ ಗುರುತುಗಳ ಹಾಗೆ. ಶೆಡ್ಡಿನಲ್ಲಿದ್ದವರೆಲ್ಲ ಯಾವಾಗ ಕೈಕಟ್ಟಿ ನಿಂತರೋ ತಿಳಿಯಲಿಲ್ಲ. ಕೊನೆಗೆ ದಿಂಡು ಮೇಲೆದ್ದಾಗ, ಅದು ಹೊರಬಂದ ಜಾಗದಲ್ಲಿ ಒಂದು ದುಂಡನೆಯ ತೂತು ಉಳಿಯಿತು.

“ಇದೇನಿದು?” ಅಂತ ಚೆಲುವಯ್ಯ ತೂತಿನೊಳಗೆ ಬೆರಳಿಟ್ಟ.

“ಅದು ಹೊರಗೆ ಹೋದ ದಾರಿ,” ಅಂದೆ. “ಎಲ್ಲಾ ಬೆಸುಗೆಗೂ ಕೊನೆಯಲ್ಲಿ ಇರುತ್ತೆ.”

ಅವತ್ತು ವೇಣಿ ಯಂತ್ರವಿಟ್ಟು ಕೇಳಿ, “ಕೂಡಿಲ್ಲ,” ಅಂದಳು. ಒಳಗೆ ಹುಳು ಕೊರೆದಂತೆ ಉದ್ದಕ್ಕೂ ಸುರಂಗವಿತ್ತು. ಅವಸರ ಮಾಡಿದ್ದೆವು. ನಿಧಾನ ಮಾಡಿದೆವು, ಲೋಹ ಕಡೆಗೋಲಿಗೇ ಮೆತ್ತಿಕೊಂಡಿತು. ಇಳಿಸುವಾಗ ಒತ್ತಿದ್ದು ಹೆಚ್ಚಾಗಿ ಮೂತಿ ಮುರಿಯಿತು. ಮೂತಿಗೆ ತಿರುಪಿನಂತೆ ಎಳೆ ಕೊರೆದೆವು, ಭುಜಕ್ಕೆ ತುಸು ಓರೆ ಕೊಟ್ಟೆವು, ದಿಂಡನ್ನು ಹಿಂದಕ್ಕೆ ಒಂದಿಷ್ಟು ವಾಲಿಸಿದೆವು. ಕೊನೆಗೊಂದು ದಿನ ಸಂಜೆ ವೇಣಿ “ಕೂಡಿದೆ,” ಅಂದಳು. ಆ ಹಲಗೆಯನ್ನು ರಾತ್ರಿಗೆ ಗೋಡೆಗೆ ಒರಗಿಸಿ ಬಂದೆವು.

ಬೆಳಿಗ್ಗೆ ಹೋದಾಗ ಅದಕ್ಕೆ ಹಗ್ಗ ಬಿಗಿದಿತ್ತು. ಅಂದರೆ ಬಿಟ್ಟುಕೊಂಡಿತ್ತು.

ಶುರುವಿನ ದಿನಗಳಲ್ಲೇ ಮೇಡಂ ಚೆಲುವಯ್ಯನಿಗೆ ಒಂದು ಮಾತು ಹೇಳಿದ್ದರು. ಬಿಟ್ಟುಕೊಂಡ ಹಲಗೆಗಳು ಬಿದ್ದು ಅಂಚು ಹಾಳಾಗಬಾರದು, ಬೆಳಿಗ್ಗೆ ಯಂತ್ರಗಳನ್ನು ಕಟ್ಟುವ ಮುಂಚೆ ಎರಡೂ ಹಲಗೆಯನ್ನು ಕೂಡಿಸಿ ಹಗ್ಗ ಬಿಗಿದಿಡಿ ಅಂತ. ಮೊದಮೊದಲು ನಾವು ಹಗ್ಗ ಬಿಚ್ಚಿ ಅಂಚುಗಳನ್ನು ನೋಡುತ್ತಿದ್ದೆವು. ಎಷ್ಟು ಸಲ ನೋಡಿದರೂ ಅದೇ ಗೆರೆ, ಅದೇ ಸೋಲು. ಆಮೇಲಾಮೇಲೆ ನೋಡುವುದನ್ನೂ ಬಿಟ್ಟೆವು. ಹಗ್ಗ ಕಂಡರೆ ಸಾಕು, ಹಲಗೆ ಹಾಗೇ ಗುಜರಿ ಲಾರಿಗೆ ಹೋಗುತ್ತಿತ್ತು. ಲಾರಿ ಕತ್ತಲಾಗುವ ಮುಂಚೆ ಊರು ಬಿಡುತ್ತಿತ್ತು. ಕಡೆಗೋಲಿನ ಬೆಸುಗೆಯ ವಿಷಯದಲ್ಲೂ ಹಾಗೇ ಆಯಿತು. ಸಂಜೆ ವೇಣಿ ‘ಕೂಡಿದೆ’ ಅನ್ನುತ್ತಿದ್ದಳು, ಬೆಳಿಗ್ಗೆ ಹಗ್ಗ ಇರುತ್ತಿತ್ತು. ವಾರಗಟ್ಟಲೆ ಇದೇ ನಡೆಯಿತು. ಶೆಡ್ಡು ಮುಚ್ಚಿ ವಾಪಸು ಹೋಗುವ ಮಾತು ಬರುತ್ತಿತ್ತು. ಮೇಡಂ ಊಟ ಕಡಿಮೆ ಮಾಡಿದ್ದರು.

ನಾನು ವಾಪಸು ಹೋಗಬೇಕಾಗಿ ಬಂದರೆ ಏನು ಅಂತ ವೇಣಿಯನ್ನು ಕೇಳಿದ್ದೆ.

“ಅವತ್ತು ಬೆಳಿಗ್ಗೆ ನೋಡೋಣ,” ಅಂದಳು. ಅವಳು ಕಟುವಾಗಿ ಹೇಳಲಿಲ್ಲ. ಆ ಊರಿನಲ್ಲಿ ಎಲ್ಲರೂ ಎಲ್ಲದಕ್ಕೂ ಹಾಗೇ ಹೇಳುತ್ತಿದ್ದರು. ಆದರೆ ನನಗೆ ಅದು ಮುಳ್ಳಾಗಿ ಉಳಿಯಿತು.

ಹಾಗಿರುವಾಗ ಒಂದು ಬೆಳಿಗ್ಗೆ ನಾನು ಶೆಡ್ಡಿಗೆ ಹೋದರೆ ಸುತ್ತಿಗೆಯ ಸದ್ದೇ ಇಲ್ಲ. ಯಂತ್ರಗಳು ಬಿಚ್ಚಿಕೊಂಡು ನೆಲದ ತುಂಬ ಹರಡಿದ್ದವು. ಚೆಲುವಯ್ಯನ ಗುಂಪಿನವರು ಬಾಗಿಲಲ್ಲಿ ಸಾಲಾಗಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಮೇಸ್ತ್ರಿ ಬಂದಿಲ್ಲ ಅಂದರು. ಮೊದಲ ಗಂಟು ಮೇಸ್ತ್ರಿಯದ್ದೇ ಆಗಬೇಕು. ಅಲ್ಲಿಯವರೆಗೆ ಯಾರೂ ಏನನ್ನೂ ಮುಟ್ಟುವಂತಿಲ್ಲ.

ಒಳಗೆ ಹೋದೆ. ಹಿಂದಿನ ದಿನದ ಹಲಗೆ ಗೋಡೆಗೆ ಒರಗಿ ನಿಂತಿತ್ತು. ಹಗ್ಗವಿರಲಿಲ್ಲ. ಪಕ್ಕದಲ್ಲಿ ಕ್ಲಾಂಪುಗಳು ಬಿಚ್ಚಿಕೊಂಡು ಬಿದ್ದಿದ್ದವು, ಬೋಲ್ಟುಗಳು ಉರುಳಿ ಮೂಲೆ ಸೇರಿದ್ದವು, ಆ ಶೆಡ್ಡಿನಲ್ಲಿ ಕೂಡಿಸಿದ್ದ ಒಂದೊಂದೂ ಬಿಟ್ಟುಕೊಂಡಿತ್ತು. ನಡುವೆ ಆ ಹಲಗೆ ಒಂದಾಗಿ ನಿಂತಿತ್ತು. ಕಿಟಕಿಯಿಂದ ಬಂದ ಬೆಳಕು ಬೆಸುಗೆಯ ಕಮಾನುಗಳ ಮೇಲೆ ಹರಿದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಎಲ್ಲಿಯೂ ನಿಲ್ಲದೆ ದಾಟಿ ಹೋಗುತ್ತಿತ್ತು. ನಾನು ಮಂಡಿಯೂರಿದೆ. ಉಗುರಿನಿಂದ ಗೆರೆ ಹುಡುಕಿದೆ. ಗೆರೆ ಇರಲಿಲ್ಲ. ಇನ್ನೊಂದು ತುದಿಯಿಂದ ಮತ್ತೆ ಹುಡುಕಿದೆ. ಅಲ್ಲೂ ಇರಲಿಲ್ಲ.

ವೇಣಿ ಬಂದಳು. ಬಿಚ್ಚಿಕೊಂಡಿದ್ದ ತನ್ನ ಯಂತ್ರವನ್ನು ಗುಂಪಿಗೆ ಕಾಯದೆ ತಾನೇ ಕಟ್ಟಿಕೊಂಡಳು. ಉದ್ದಕ್ಕೂ ಕೇಳಿದಳು, ತಿರುಗಿ ಇನ್ನೊಮ್ಮೆ ಕೇಳಿದಳು. ಆಮೇಲೆ ಯಂತ್ರ ಪಕ್ಕಕ್ಕಿಟ್ಟು ಹಲಗೆಗೆ ಅಂಗೈ ಒತ್ತಿ ನಿಂತಳು.

“ಕೂಡಿದೆ,” ಅಂದಳು. ದೇವರ ಮನೆಯಲ್ಲಿ ಮಾತಾಡುವ ದನಿಯಲ್ಲಿ.

ಮೇಡಂ ಬಂದು ನೋಡಿ ನೆಲದ ಮೇಲೆ ಕೂತುಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಅವರಿಗೇ ಏನೋ ಹೊಳೆದು, ಬಾಗಿಲಲ್ಲಿದ್ದವರನ್ನು ಕರೆದರು. “ದಿನಾ ನೀವು ಹಗ್ಗ ಕಟ್ಟುವಾಗ ಹಲಗೆ ಬೇರೆ ಬೇರೆ ಆಗಿರ್ತಿತ್ತೇನ್ರಪ್ಪ?”

ಅವರು ಮುಖ ಮುಖ ನೋಡಿಕೊಂಡರು. “ಕತ್ಲಲ್ಲಿ ಯಾರ್ ನೋಡ್ತಾರವ್ವ,” ಅಂದ ಒಬ್ಬ. “ದೀಪನೂ ಬಿಚ್ಕೊಂಡಿರುತ್ತೆ. ಎರಡು ಹಲ್ಗೆ ಕಟ್ಟಿ ಅಂದಿದ್ರಿ. ಕಟ್ತಿದ್ವಿ.”

“ಒಂದೇ ಇದೆ ಅಂತ ಕೈಗೆ ಗೊತ್ತಾಗ್ಲಿಲ್ವಾ?”

“ಈ ಊರಲ್ಲಿ ಬೆಳಿಗ್ಗೆ ಯಾವ್ದವ್ವ ಒಂದೇ ಇರುತ್ತೆ?”

ಮೇಡಂ ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ಇಷ್ಟು ದಿನದ ಒಳ್ಳೆ ಬೆಸುಗೆನೆಲ್ಲ ಪಾತ್ರೆ ಮಾಡೋರಿಗೆ ಕೊಟ್ವಲ್ಲೋ,” ಅಂದರು ನನಗೆ. “ಯಾರ ಮನೇಲೋ ಅದ್ರಲ್ಲಿ ಸಾರು ಕುದೀತಿದೆ.”

ನಾನು ಚೆಲುವಯ್ಯನಿಗೆ ಸುದ್ದಿ ಹೇಳಲು ಓಡಿದೆ. ಅವನ ಮನೆಯ ಬಾಗಿಲ ಹಲಗೆಗಳು ಬಿದ್ದಲ್ಲೇ ಬಿದ್ದಿದ್ದವು. ಅವನು ಹೊಸ್ತಿಲ ಮೇಲೆ ಕೂತಿದ್ದ, ಮುಷ್ಟಿಯಲ್ಲಿ ಹಳದಿ ದಾರ.

“ಸಾಕವ್ವ ಕೂದ್ಲು ಎತ್ಲಿಲ್ಲ ಸಾರ್,” ಅಂದ.

ಸುದ್ದಿ ಬಿಟ್ಟು ನಾನು ಅವನ ಪಕ್ಕ ಕೂತೆ.

“ಏನಾಯ್ತು?”

“ಏನಿಲ್ಲ. ರಾತ್ರಿ ಚೆನ್ನಾಗೇ ಇದ್ಲು. ಉಪ್ಸಾರು ಚೆನ್ನಾಗಾಗಿದೆ ಅಂದೆ, ನಕ್ಲು. ಬೆಳಿಗ್ಗೆ ದಾರ ಸಿಕ್ತು. ಕಾದೆ. ಅವ್ಳು ಹಂಗೇ ಕೂತಿದ್ಲು. ಆಮೇಲೆ ಎದ್ದು ಚಾಪೆ ಸುತ್ಕೊಂಡು ಅವ್ರಮ್ಮನ ಮನೆಗೆ ಹೋದ್ಲು.” ಮುಷ್ಟಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಅಂದ, “ಮೂವತ್ತು ವರ್ಷ ಎತ್ತಿದ್ಲು.”

“ನೀನು ಹೋಗಿ ಕೇಳು.”

“ಕೇಳೋದೇನು ಸಾರ್. ನಾನೂ ಒಂದ್ಸಲ ದಾರ ಎತ್ತಿರ್ಲಿಲ್ಲ, ಮೊದಲ್ನೇ ವರ್ಷ. ಅವ್ಳು ಕೇಳಿದ್ಲಾ?”

ಅವತ್ತು ನನ್ನ ಬದುಕಿನ ದೊಡ್ಡ ದಿನ. ಆದರೆ ನಾನು ಮನೆಗೆ ಹೋಗುವಾಗ ಕಣ್ಣೆದುರು ಇದ್ದದ್ದು ಹಲಗೆಯಲ್ಲ, ಆ ಮುಷ್ಟಿ.

ಸುದ್ದಿ ಹಬ್ಬಿ ಊರೇ ಶೆಡ್ಡಿಗೆ ಬಂತು. ಸಾಲಾಗಿ ಬಂದು ಹಲಗೆ ಮುಟ್ಟಿ ಹೋದರು. ಮುದುಕಿಯರು ಕೆನ್ನೆ ಒತ್ತಿ ನೋಡಿದರು. ಎಲ್ಲಿ ಸೇರಿಸಿದ್ದೀರಿ ತೋರಿಸಿ ಅಂತ ಮೇಷ್ಟರು ಕೇಳಿದರು. ಇಲ್ಲಿ ಅಂತ ತೋರಿಸಿದರೆ, ಇಲ್ಲಿ ಏನೂ ಇಲ್ಲವಲ್ಲ ಅಂದರು. ಮಕ್ಕಳು ಹಲಗೆಯ ಹಿಂದೆ ಹೋಗಿ ಯಾರಾದರೂ ಹಿಡಿದುಕೊಂಡಿದ್ದಾರೆಯೇ ಅಂತ ನೋಡಿದವು. ಯಾರಿಗೂ ಖುಷಿಯಾದ ಹಾಗೆ ಕಾಣಲಿಲ್ಲ; ಹೆದರಿದ ಹಾಗೂ ಅಲ್ಲ. ತಮ್ಮ ಜೀವಮಾನದಲ್ಲಿ ನೋಡಬೇಕೆಂದು ಎಣಿಸಿಯೇ ಇರದಿದ್ದ ಒಂದನ್ನು ನೋಡುತ್ತಿದ್ದರು.

ಚೆಲುವಯ್ಯ ಎಲ್ಲರಿಗಿಂತ ಕೊನೆಗೆ ಬಂದ. ಗಂಟು ಹಾಕುವ ತನ್ನ ಕೈಯನ್ನು ಬೆಸುಗೆಯ ಮೇಲೆ ಆಡಿಸಿದ. “ಹಂಗಾರೆ ಬೆಳಿಗ್ಗೆ ನಾವೇನ್ ಮಾಡೋದು ಸಾರ್?” ಅಂತ ಕೇಳಿದ. ಅವನು ಕೂಲಿಯ ಚಿಂತೆಯಲ್ಲಿ ಕೇಳುತ್ತಿದ್ದಾನೆ ಅಂದುಕೊಂಡು ನಾನು, ನಿನಗೆ ಕೆಲಸ ಇದ್ದೇ ಇರುತ್ತೆ ಅಂದೆ. ಅವನು ನನ್ನ ಮುಖ ನೋಡಿ ತಲೆಯಾಡಿಸಿ ಹೋದ.

ಅಂದಿನಿಂದ ಅವನು ದಿನವೂ ಕಟ್ಟುವ ಹೊತ್ತಿನಲ್ಲಿ ಅತ್ತೆಯ ಮನೆಯ ಗೋಡೆಯ ಬಳಿ ದಾರ ಹಿಡಿದು ಕೂತಿದ್ದು, ಬೆಳಕಾದ ಮೇಲೆ ಕೆಲಸಕ್ಕೆ ಬರುತ್ತಿದ್ದ.

ಆಮೇಲೆ ಟ್ಯಾಂಕಿನ ಕೆಲಸ ಹಿಡಿದೆವು. ಒಂದು ಮನೆಯಷ್ಟು ಎತ್ತರದ ಕೊಳವೆ ಅದು, ತಲೆಗೆ ಒಂದು ಬೋಗುಣಿ, ಬುಡಕ್ಕೆ ಒಂದು. ಉದ್ದದ ಬೆಸುಗೆ ಸಲೀಸು. ಕೊನೆಯ ತೂತನ್ನು ಹೆಚ್ಚುವರಿ ತುಂಡಿನ ಮೇಲೆ ಮುಗಿಸಿ ಆ ತುಂಡನ್ನು ಕೊಯ್ದು ಬಿಸಾಡಬಹುದು. ಸುತ್ತಿನ ಬೆಸುಗೆಗೆ ಹಾಗೆ ಆಗದು. ಹೊರಟಲ್ಲಿಗೇ ಬಂದು ಸೇರುವ ದಾರಿ ಅದು, ತೂತು ಅದರ ಮೈಮೇಲೇ ಉಳಿಯುತ್ತದೆ. ತೂತಿಗೆ ಬಿರಡೆ ಹಾಕಿದರೆ ಬಿರಡೆ ಬೆಳಿಗ್ಗೆ ಕೆಳಗೆ ಬಿದ್ದಿರುತ್ತಿತ್ತು. ಕೊನೆಗೆ ಭುಜ ಒತ್ತಿ ಹಿಡಿದಿರುವಾಗಲೇ, ನಡೆಯುತ್ತ ನಡೆಯುತ್ತ, ಮೂತಿ ಮಾತ್ರ ಇಷ್ಟಿಷ್ಟೇ ಒಳಗಿನಿಂದ ಹಿಂದೆ ಸರಿಯುವಂಥ ಕಡೆಗೋಲು ಮಾಡಿದೆವು. ಅದು ಲೋಹದಿಂದ ಹೊರಬಂದದ್ದು ಲೋಹಕ್ಕೆ ತಿಳಿಯುವುದಿಲ್ಲ. ಮೊದಲ ಸಲ ಸುತ್ತು ಪೂರ್ತಿಯಾಗಿ ತೂತಿಲ್ಲದೆ ಮುಗಿದಾಗ, ಎಲ್ಲಿ ಶುರು ಮಾಡಿದ್ದೆ ಅಂತ ನನಗೇ ಗುರುತು ಸಿಗಲಿಲ್ಲ.

ಟ್ಯಾಂಕನ್ನು ಬಯಲಿನಲ್ಲಿ ನಿಲ್ಲಿಸಿದೆವು. ನಸುಕಿಗೆ ಮುಂಚೆ ಊರಿನವರೆಲ್ಲ ಬಂದು ಸುತ್ತ ನಿಂತರು. ನಾನು ಆವರೆಗೆ ಆ ಹೊತ್ತನ್ನು ಮನೆಯೊಳಗೇ ಕಳೆದಿದ್ದೆ; ಹೊರಗೆ ನಿಂತು ಕೇಳಿರಲಿಲ್ಲ. ಮೊದಲು ದೂರದ ಕೇರಿಯಿಂದ ಒಂದು ನಿಟ್ಟುಸಿರಿನಂಥ ಸದ್ದು ಹೊರಟಿತು. ಗಂಟುಗಳು ಸಡಿಲಿದವು, ಮೊಳೆಗಳು ಜಾರಿದವು, ಬಾಗಿಲುಗಳು ಹಲಗೆ ಹಲಗೆಯಾಗಿ ನೆಲಕ್ಕೊರಗಿದವು. ಅದು ಬೀದಿಯಿಂದ ಬೀದಿಗೆ ಹರಿದು ನಮ್ಮತ್ತ ಬಂತು, ಬಯಲಿಗೆ ಬಂತು. ನಮ್ಮೆಲ್ಲರ ಸೊಂಟದ ಗಂಟು ಬಿಚ್ಚಿತು. ಎಲ್ಲರೂ ಒಟ್ಟಿಗೆ ಪಂಚೆ ಸೀರೆ ಹಿಡಿದುಕೊಂಡರು. ಪಕ್ಕದಲ್ಲಿ ನಿಂತಿದ್ದ ವೇಣಿಯ ಕೊರಳಿನ ದಾರ ಜಾರಿದ್ದು ನನಗೆ ಕೇಳಿಸಿತು. ಆ ಸದ್ದು ಟ್ಯಾಂಕನ್ನು ತಲುಪಿತು, ಅದರ ಸುತ್ತ ಹಾದು ಆಚೆ ಹೋಯಿತು. ಟ್ಯಾಂಕು ನಿಂತೇ ಇತ್ತು. ಬೆಳಕು ಬರತೊಡಗಿದಂತೆ ಅದು ಬೂದಿಬಣ್ಣದಿಂದ ಬೆಳ್ಳಗಾಯಿತು. ಬಿಚ್ಚಿಕೊಂಡ ಊರಿನ ಮುಂದೆ, ಉಟ್ಟ ಬಟ್ಟೆ ಹಿಡಿದುಕೊಂಡು ನಿಂತ ಜನರ ನಡುವೆ, ಅದೊಂದೇ ಇಡಿಯಾಗಿತ್ತು. ಯಾರೋ ಕೈ ಮುಗಿದರು. ಮೇಡಂ ಹೋಗಿ ಅದಕ್ಕೆ ಕಿವಿಯಿಟ್ಟು ನಿಂತುಕೊಂಡರು, ಹೊಟ್ಟೆಯಲ್ಲಿರುವ ಮಗುವಿನ ಸದ್ದು ಕೇಳುವವರ ಹಾಗೆ.

ನಾನು ಬಗ್ಗಿ ಹುಲ್ಲಿನಲ್ಲಿ ದಾರ ಹುಡುಕಿದೆ. ವೇಣಿ ಟ್ಯಾಂಕಿನಿಂದ ಕಣ್ಣು ತೆಗೆಯದೆ ಕೂದಲು ಎತ್ತಿದಳು. ಬೆರಗಿನಲ್ಲಿ ಎತ್ತಿದ್ದೋ, ನನಗಾಗಿ ಎತ್ತಿದ್ದೋ ನನಗೆ ತಿಳಿಯಲಿಲ್ಲ.

ಗುಂಪು ಚದುರುವಾಗ ಚೆಲುವಯ್ಯ ಎದುರು ಬಂದ. ಅವನ ಮುಖ ಬೇರೆಯಾಗಿತ್ತು. “ಎತ್ತಿದ್ಲು ಸಾರ್,” ಅಂದ. “ಈಗ್ಲೇ. ಇಲ್ಲೇ, ಜನದ ಮಧ್ಯೆ. ನಾನ್ ಬಂದು ಹಿಂದೆ ನಿಂತಿದ್ದು ನೋಡಿ, ಹಿಂಗೆ ಎತ್ತಿದ್ಲು.” ಅವನು ತನ್ನ ಬೋಳುತಲೆಯ ಹಿಂದೆ ಕೈಯಿಟ್ಟು ತೋರಿಸಿದ.

ನಾನು ಸಂತೋಷಪಟ್ಟೆ. ಆದರೆ ನನ್ನ ತಲೆಯಲ್ಲಿ ಓಡಿದ್ದು ಬೇರೆ. ಎತ್ತದೆ ಇದ್ದಿದ್ದರೆ? ನಾಳೆ ಎತ್ತದಿದ್ದರೆ? ಬಿಚ್ಚದಂಥದ್ದು ಈಗ ಲೋಕದಲ್ಲಿದೆ, ಅದನ್ನು ಮಾಡಿದವನು ನಾನೇ. ಹೀಗಿದ್ದೂ ನಾನೇ ಯಾಕೆ ದಿನವೂ ಕತ್ತಲಲ್ಲಿ ತಡಕಾಡಬೇಕು?

ಟ್ಯಾಂಕಿನ ಹಲಗೆಯಿಂದ ಕೊಯ್ದ ಒಂದು ಪಟ್ಟಿ ಉಳಿದಿತ್ತು. ಅದನ್ನು ಬಳೆಯಂತೆ ಬಗ್ಗಿಸಿ, ತಲೆಯ ಮೇಲಿನಿಂದ ಕೊರಳಿಗೆ ಇಳಿಯುವಷ್ಟು ಅಗಲ ಮಾಡಿ, ತುದಿಗೆ ತುದಿ ತಾಗಿಸಿದೆ. ನಮ್ಮಲ್ಲಿದ್ದ ಎಲ್ಲಕ್ಕಿಂತ ಸಣ್ಣ ಕಡೆಗೋಲು ಹಾಕಿದೆ. ಆ ಗಾತ್ರದ್ದರಲ್ಲಿ ಮೂತಿ ಹಿಂದೆ ಸರಿಯುವ ಏರ್ಪಾಡು ಇರಲಿಲ್ಲ, ಹಾಗಾಗಿ ಕೊನೆಯಲ್ಲಿ ಎಳ್ಳಿನಷ್ಟು ತೂತು ಉಳಿಯಿತು. ಉಜ್ಜಿ ನುಣುಪು ಮಾಡಿದೆ. ಶೆಡ್ಡಿನಲ್ಲೇ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಅದು ಹಾಗೇ ಇತ್ತು, ದುಂಡಗೆ, ತಣ್ಣಗೆ, ಬಳ್ಳಿಯಲ್ಲೇ ಬೆಳೆದ ಕಾಯಿಯ ಹಾಗೆ.

ಸಂಜೆ ವೇಣಿ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಅದನ್ನು ಅವಳ ಮಡಿಲಿಗೆ ಇಟ್ಟೆ.

“ಏನಿದು?”

“ದಾರದ ಬದಲಿಗೆ. ಇದು ಬಿಚ್ಚೋದಿಲ್ಲ. ರಾತ್ರಿ ಇಟ್ಟು ನೋಡಿದೀನಿ.”

ಅವಳು ಕೈಯನ್ನು ಸೆರಗಿಗೆ ಒರೆಸಿ ಅದನ್ನು ಎತ್ತಿಕೊಂಡಳು. ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿದಳು. ಬೆಸುಗೆ ಹುಡುಕಿದಳು, ಆ ತೂತು ಸಿಗುವವರೆಗೆ ಅವಳಿಗೆ ಬೆಸುಗೆ ಸಿಗಲಿಲ್ಲ. ಅವರೆಕಾಯಿಯ ಹಸಿರು ಅಂಟಿದ ಉಗುರಿನಿಂದ ಬಡಿದು ಕಿವಿಯ ಹತ್ತಿರ ಹಿಡಿದಳು. ಅದು ತೆಳುವಾಗಿ, ಬಹಳ ಹೊತ್ತು ಮೊಳಗಿತು. ಒಂದೂ ತಪ್ಪಿಲ್ಲ. ಅವಳ ಮುಖದಲ್ಲಿ, ಹಲಗೆಗೆ ಅಂಗೈ ಒತ್ತಿ ನಿಂತ ಬೆಳಿಗ್ಗೆ ಇದ್ದ ಅದೇ ಬೆರಗು ಬಂತು. ನನ್ನ ಎದೆ ಹಗುರವಾಯಿತು.

“ಕೂಡಿದೆ,” ಅಂದಳು. “ಇಷ್ಟು ಚೊಕ್ಕ ಕೆಲಸ ನೀವು ಟ್ಯಾಂಕಿನಲ್ಲೂ ಮಾಡಿಲ್ಲ.”

“ಇನ್ನು ಕತ್ತಲಲ್ಲಿ ಹುಡುಕೋದು ಬೇಡ. ನೀನು ತೋಳು ನೋಯಿಸ್ಕೊಂಡು ಕಾಯೋದೂ ಬೇಡ,” ಅಂದೆ. “ಹಾಕ್ಕೋ.”

ವೇಣಿ ತೂತಿಗೆ ಕಣ್ಣಿಟ್ಟು ಅದರೊಳಗಿಂದ ನನ್ನನ್ನು ಒಂದು ಸಲ ನೋಡಿದಳು. ಆಮೇಲೆ ಬಳೆಯನ್ನು ನನ್ನ ಕೈಗೆ ವಾಪಸು ಕೊಟ್ಟು, ಮೊರವನ್ನು ಮಡಿಲಿಗೆ ಎಳೆದುಕೊಂಡಳು.

“ನಂಗೆ ಬೇಡ. ಬೆಳಿಗ್ಗೆ ಕೂದಲು ಎತ್ತೋದು ನಂಗಿರಲಿ,” ಅಂದಳು.